ಮಾರಿಸ್ ಮೈನರ್ 1000: ಚೋಕ್ ಒಳಗೆ ಜಾರುವುದು, ಫಸ್ಟ್ ಗೇರ್ ಕರ್ರ್ ಅನ್ನುವುದು

ನಿಮ್ಮ ಮಾರಿಸ್ ಮೈನರ್‌ನಲ್ಲಿ (ಹಳೆಯ ಬ್ರಿಟಿಷ್ ಕಾರು) ಚೋಕ್ ನಿಲ್ಲಲ್ಲ, ಫಸ್ಟ್ ಗೇರ್ ಹಾಕುವಾಗ ಕರ್ರ್ ಅನ್ನುತ್ತೆ ಅಂತ ಕೇಳಿದ್ದಿರಿ. ಚೋಕ್ ಗುಂಡಿಯನ್ನು (ತಣ್ಣಗಿನ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಕೊಡುವ ಗುಂಡಿ) ನೀವು ಬರೀ ಎಳೆಯುತ್ತಿದ್ದೀರಿ, ತಿರುಗಿಸುತ್ತಿಲ್ಲ ಅನಿಸುತ್ತೆ. ಕೈ ಬಿಟ್ಟ ತಕ್ಷಣ ಅದು ಒಳಗೆ ಜಾರಿ ಇಂಜಿನ್ ಆಫ್ ಆಗೋದು ಅದಕ್ಕೇ ಇರಬೇಕು. ಗಾಡಿ ತಣ್ಣಗಿದ್ದಾಗ ಗುಂಡಿಯನ್ನು ಪೂರ್ತಿ ಎಳೆದು ಸ್ವಲ್ಪ ತಿರುಗಿಸಿ, ಅಲ್ಲೇ ನಿಲ್ಲುತ್ತೆ. ಸ್ಟಾರ್ಟ್ ಆದಮೇಲೆ ಇಂಜಿನ್ ಸದ್ದು ಕೇಳುತ್ತಾ ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳಿ. ಕೊನೆಯ ಅರ್ಧ ಇಂಚಿನಷ್ಟು ಹೊರಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗಲ್ಲ, ಐಡಲ್ (ನಿಂತಾಗಿನ ಇಂಜಿನ್ ವೇಗ) ಮಾತ್ರ ಏರಿರುತ್ತೆ. ಈ ಕಾರಿನ ಎಸ್‌ಯು ಕಾರ್ಬ್ಯುರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ) ಇರೋದೇ ಹಾಗೆ. ಬಿಸಿಯಾದಮೇಲೆ ಪೂರ್ತಿ ಒಳಗೆ ಹಾಕೋದು ಮರೀಬೇಡಿ, ಮರೆತರೆ ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತೆ.

ತಿರುಗಿಸಿದರೂ ಜಾರಿದರೆ ಕೇಬಲ್ ಸವೆದಿರಬಹುದು. ನೋಡದೆ ಖಚಿತವಾಗಿ ಹೇಳಲಾರೆ. ಸದ್ಯಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ ಒಂದನ್ನು ಗುಂಡಿಯ ಹಿಂದೆ ಸಿಕ್ಕಿಸಿ. ಇಂಗ್ಲೆಂಡಿನಲ್ಲಿ ಎಷ್ಟೋ ಜನ ಮಾಡುವ ಉಪಾಯ ಇದು.

ಗೇರ್ ಬಾಕ್ಸ್ ಕೆಟ್ಟಿದೆ ಅಂತ ಈಗಲೇ ಹೆದರಬೇಡಿ. ಈ ಕಾರಿನ ಫಸ್ಟ್ ಗೇರ್‌ಗೆ ಸಿಂಕ್ರೊಮೆಶ್ (ಗೇರ್‌ಗಳ ವೇಗ ಹೊಂದಿಸಿ ಸದ್ದಿಲ್ಲದೆ ಕೂರಿಸುವ ಭಾಗ) ಇಲ್ಲ. ಗಾಡಿ ಪೂರ್ತಿ ನಿಲ್ಲಲಿ. ಕ್ಲಚ್ ಒತ್ತಿ, ಮೊದಲು ಸೆಕೆಂಡ್‌ಗೆ ಹಾಕಿ, ಹಾಗೇ ಫಸ್ಟ್‌ಗೆ ತಳ್ಳಿ. ಕರ್ರ್ ಅನ್ನಲ್ಲ. ಸೆಕೆಂಡ್, ಥರ್ಡ್‌ನಲ್ಲೂ ಸದ್ದು ಬಂದರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಿ.

ಹೆಡ್‌ಲೈಟ್ ಬೆಳಕು ತಗ್ಗಿಸುವ ಡಿಪ್ ಸ್ವಿಚ್ ಸ್ಟೀರಿಂಗ್ ಹತ್ತಿರ ಹುಡುಕಿ ಸಿಗಲಿಲ್ಲ ಅಂದಿರಲ್ಲ, ಅದು ನೆಲದಲ್ಲಿದೆ. ಕ್ಲಚ್ ಪೆಡಲ್ ಎಡಕ್ಕೆ ಪುಟ್ಟ ಗುಂಡಿ, ಎಡಗಾಲಲ್ಲಿ ಒತ್ತಬೇಕು. ಕತ್ತಲಲ್ಲಿ ರಸ್ತೆಗಿಳಿಯುವ ಮೊದಲು, ನಿಂತ ಗಾಡಿಯಲ್ಲೇ ಹತ್ತು ಸಲ ಒತ್ತಿ ಕಾಲಿಗೆ ರೂಢಿ ಮಾಡಿಸಿ.