ಏಜೆಂಟ್ ಕೈಗೆ ಮೌಸ್: ವಿವರಣೆಯಲ್ಲಿ ಏನಿರಬೇಕು?

ಪ್ರಶ್ನೆ: ಕಾಫಿ ತೋಟಗಳ ಚೆಕ್‌ರೋಲ್ (ಕೆಲಸಗಾರರ ಹಾಜರಿ ಪಟ್ಟಿ) ಮತ್ತು ಸಂಬಳದ ಲೆಕ್ಕಕ್ಕೆ ತಂತ್ರಾಂಶದ ಕೆಲಸ ಮಾಡಿಕೊಡುವ ಮೂವರ ಚಿಕ್ಕ ತಂಡ ನಮ್ಮದು. ರೈಟರ್ (ತೋಟದ ಲೆಕ್ಕ ಬರೆಯುವವರು) ಬರೆದುಕೊಟ್ಟ ಹಾಜರಿಯನ್ನು ಹಳೆಯ ಲೆಕ್ಕದ ತಂತ್ರಾಂಶದಲ್ಲಿ ತುಂಬಲು, ಪರದೆಯನ್ನು ನೋಡಿ ತಾನೇ ಮೌಸ್ ಆಡಿಸುವ ಎಐ ಏಜೆಂಟ್ ಒಂದನ್ನು ಸಿದ್ಧಪಡಿಸುತ್ತಿದ್ದೇವೆ. ಮೌಸ್ ಟೂಲ್‌ಗಳ, ಅಂದರೆ ಏಜೆಂಟ್ ಕರೆದು ಬಳಸಬಹುದಾದ ಒಂದೊಂದು ಕ್ರಿಯೆಯ, ವಿವರಣೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ಕ್ಲಿಕ್: ಮೌಸ್ ಬಟನ್ ಒತ್ತುತ್ತದೆ’ ಎಂದು ಬರೆದಿದ್ದೇನೆ. ಎಡಗಡೆ ಮೇಲಿರುವ ಮೆನು ತೆರೆಯುತ್ತದೆ, ಬಲಗಡೆ ಕೆಳಗಿರುವ ‘ಸೇವ್’ ಬಟನ್ ಮಾತ್ರ ಏಜೆಂಟಿಗೆ ಸಿಗುವುದಿಲ್ಲ. ದೋಷ ಎಐಯದೋ, ನನ್ನ ಬರವಣಿಗೆಯದೋ?
– ಓದುಗರು, ವಿರಾಜಪೇಟೆ

ಉತ್ತರ: ಎಐಯನ್ನು ದೂರುವ ಮೊದಲು ಅಳತೆಯನ್ನು ಪರೀಕ್ಷಿಸಿ. ಪರದೆಯ ಎಡಗಡೆಯ ಮೇಲಿನ ಮೂಲೆಯೇ ಸೊನ್ನೆ. ಅಲ್ಲಿಂದ ಬಲಕ್ಕೆ ಹೋದಷ್ಟೂ ಎಕ್ಸ್, ಕೆಳಕ್ಕೆ ಇಳಿದಷ್ಟೂ ವೈ ಹೆಚ್ಚುತ್ತದೆ. (ಶಾಲೆಯ ಗ್ರಾಫ್ ಹಾಳೆಯಲ್ಲಿ ವೈ ಮೇಲಕ್ಕೆ ಬೆಳೆಯುತ್ತಿದ್ದುದನ್ನು ಇಲ್ಲಿ ಮರೆಯಬೇಕು.) ನಿಮ್ಮ ಪರದೆ 1920×1080 ಪಿಕ್ಸೆಲ್‌ಗಳದ್ದು, ಎಐಗೆ ಕಳುಹಿಸುವ ಸ್ಕ್ರೀನ್‌ಶಾಟನ್ನು (ಪರದೆಯ ಚಿತ್ರವನ್ನು) 1280×720ಕ್ಕೆ ಕುಗ್ಗಿಸಿದ್ದೀರಿ ಎಂದಿಟ್ಟುಕೊಳ್ಳೋಣ. ಚಿತ್ರದಲ್ಲಿ (60, 20)ರಲ್ಲಿ ಕಾಣುವ ಮೆನುವಿನ ನಿಜವಾದ ಜಾಗ (90, 30). ಮೆನು ಸಾಕಷ್ಟು ದೊಡ್ಡದಿದ್ದರೆ ಗುರಿ ತಪ್ಪಿದ್ದೇ ತಿಳಿಯುವುದಿಲ್ಲ. ಆದರೆ ಚಿತ್ರದ (1200, 660)ರಲ್ಲಿ ಕಾಣುವ ‘ಸೇವ್’ ಬಟನ್ ವಾಸ್ತವದಲ್ಲಿ (1800, 990)ರಲ್ಲಿರುತ್ತದೆ. ನಡುವೆ 1.5ರಿಂದ ಗುಣಿಸುವ ಕೆಲಸವನ್ನು ಯಾರೂ ಮಾಡದಿದ್ದರೆ ಕ್ಲಿಕ್ 600 ಪಿಕ್ಸೆಲ್ ಎಡಕ್ಕೆ, 330 ಪಿಕ್ಸೆಲ್ ಮೇಲಕ್ಕೆ ಬೀಳುತ್ತದೆ. ಮೂಲೆಯಿಂದ ದೂರ ಸರಿದಂತೆ ತಪ್ಪೂ ಬೆಳೆಯುತ್ತಿದ್ದರೆ ಕಾರಣ ಇದೇ ಇರಬೇಕು. ಎಲ್ಲೆಡೆ ಒಂದೇ ಅಂತರದಲ್ಲಿ ತಪ್ಪುತ್ತಿದ್ದರೆ, ಪರದೆಯ ಮೂಲೆಯ ಬದಲು ವಿಂಡೋದ ಮೂಲೆಯಿಂದ ಎಣಿಕೆ ಆರಂಭವಾಗಿರಬಹುದು. ವಿಂಡೋಸ್‌ನಲ್ಲಿ ಅಕ್ಷರ ದೊಡ್ಡದಾಗಿ ಕಾಣಲೆಂದು 125 ಅಥವಾ 150 ಪ್ರತಿಶತಕ್ಕೆ ಹಿಗ್ಗಿಸಿಟ್ಟಿದ್ದರೂ ಇಂಥದೇ ತೊಡಕು ಬರುತ್ತದೆ.

ಹಾಗೆಂದು ನಿಮ್ಮ ಬರವಣಿಗೆ ನಿರ್ದೋಷಿಯಲ್ಲ. ಟೂಲ್‌ನ ವಿವರಣೆಯನ್ನು ಓದುವವರು ಮುಂದೆಂದೋ ಬರುವ ಪ್ರೋಗ್ರಾಮರ್ ಮಾತ್ರವಲ್ಲ, ಏಜೆಂಟನ್ನು ನಡೆಸುವ ಎಐ ಮಾದರಿಯೇ ಪ್ರತಿ ಕೆಲಸಕ್ಕೂ ಮೊದಲು ಅದನ್ನು ಓದುತ್ತದೆ. ತೋಟಕ್ಕೆ ಹೊಸದಾಗಿ ಬಂದ ರೈಟರಿಗೆ ‘ಚೀಲ ತೂಗಿ’ ಎಂದಷ್ಟೇ ಹೇಳಿದರೆ, ಹಸಿ ಹಣ್ಣಿನದೋ ಕಣದಲ್ಲಿ ಒಣಗಿದ ಚೆರಿಯದೋ ಎಂದು ಅವರು ಕೇಳಿಯಾರು. ಎಐ ಸಾಮಾನ್ಯವಾಗಿ ಕೇಳುವುದಿಲ್ಲ, ಊಹಿಸಿ ಮುಂದುವರಿಯುತ್ತದೆ. ಆದ್ದರಿಂದ ನಿಮ್ಮ ಸಾಲನ್ನು ಹೀಗೆ ತಿದ್ದಬಹುದು: ‘ಕೊಟ್ಟ ಜಾಗಕ್ಕೆ ಮೌಸನ್ನು ಒಯ್ದು ಎಡ ಬಟನ್ನನ್ನು ಒಮ್ಮೆ ಒತ್ತಿ ಬಿಡುತ್ತದೆ. ಎಕ್ಸ್, ವೈ ಎರಡೂ ಇತ್ತೀಚಿನ ಸ್ಕ್ರೀನ್‌ಶಾಟ್‌ನ ಪಿಕ್ಸೆಲ್ ಅಳತೆಯಲ್ಲಿರಬೇಕು. ಪರದೆಯ ಅಳತೆಗೆ ಬದಲಿಸುವುದನ್ನು ಟೂಲ್ ನೋಡಿಕೊಳ್ಳುತ್ತದೆ. ಬಟನ್‌ನ ಅಂಚನ್ನು ಬಿಟ್ಟು ನಡುಭಾಗವನ್ನು ಆರಿಸಬೇಕು. ಒತ್ತಿದ್ದರಿಂದ ಏನಾಯಿತೆಂದು ಈ ಟೂಲ್ ತಿಳಿಸುವುದಿಲ್ಲ; ಅದಕ್ಕೆ ಹೊಸ ಸ್ಕ್ರೀನ್‌ಶಾಟ್ ತೆಗೆಯಬೇಕು.’

ಕೊನೆಯ ವಾಕ್ಯವನ್ನು ದಯವಿಟ್ಟು ಉಳಿಸಿಕೊಳ್ಳಿ. ಟೂಲ್ ‘ಯಶಸ್ವಿ’ ಎಂದು ಉತ್ತರಿಸಿದರೆ, ಬಟನ್ ಒತ್ತಿದ್ದು ಯಶಸ್ವಿಯೋ ಹಾಜರಿ ದಾಖಲಾದದ್ದು ಯಶಸ್ವಿಯೋ ಎಂಬುದು ಎಐಗೆ ಗೊತ್ತಾಗುವುದಿಲ್ಲ. ಜಡಿಮಳೆಯ ದಿನ ಇಂಟರ್‌ನೆಟ್ ನಿಧಾನವಾಗಿ, ಪರದೆ ಬದಲಾಗಲು ತಡವಾದಾಗ ಏಜೆಂಟ್ ಮತ್ತೊಮ್ಮೆ ‘ಸೇವ್’ ಒತ್ತಿದರೆ, ಒಬ್ಬರದೇ ಹಾಜರಿ ಎರಡು ಸಲ ಏರಿ ಸಂಬಳದ ದಿನ ತಕರಾರು ಏಳಬಹುದು. ಕಾಯುವುದಕ್ಕೊಂದು ಟೂಲ್ ಇಟ್ಟು, ‘ಮತ್ತೆ ಒತ್ತುವ ಮೊದಲು ಕಾದು ನೋಡಬೇಕು’ ಎಂದು ಬರೆಯುವುದು ಕ್ಷೇಮ.

ಯಾವ ಟೂಲ್‌ಗಳಿರಬೇಕೆಂಬುದಕ್ಕೆ ಒಂದು ನಿದರ್ಶನವಿದೆ. ಆಂಥ್ರೋಪಿಕ್ ಸಂಸ್ಥೆ ತನ್ನ ಕ್ಲಾಡ್ ಮಾದರಿಗೆ ಕಂಪ್ಯೂಟರ್ ಬಳಸುವ ಸೌಲಭ್ಯವನ್ನು 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಬಿಡುಗಡೆ ಮಾಡಿದಾಗ ಮೌಸ್ ಸರಿಸುವುದು, ಎಡ, ಬಲ ಮತ್ತು ನಡುವಿನ ಬಟನ್ ಒತ್ತುವುದು, ಡಬಲ್ ಕ್ಲಿಕ್, ಹಿಡಿದೆಳೆಯುವುದು ಇದ್ದವು. ಸ್ಕ್ರೋಲ್ ಮಾಡುವುದಕ್ಕೆ ಪ್ರತ್ಯೇಕ ಕ್ರಿಯೆ ಇರಲಿಲ್ಲ. ಅದು, ಬಟನ್ನನ್ನು ಒತ್ತಿ ಹಿಡಿಯುವುದು ಮತ್ತು ಬಿಡುವುದು, ಕಾಯುವುದು – ಇವು 2025ರ ಆವೃತ್ತಿಯಲ್ಲಿ ಸೇರಿದವು. ನಿಮ್ಮ ಚೆಕ್‌ರೋಲ್‌ಗೆ ಇಷ್ಟೆಲ್ಲ ಬೇಕಿಲ್ಲ. ಬಳಸದ ಟೂಲನ್ನು ಕೊಡದಿರುವುದೇ ಮೇಲು ಎಂದು ನನ್ನ ಅಭಿಪ್ರಾಯ. ಸ್ಕ್ರೋಲ್ ಇಟ್ಟುಕೊಳ್ಳುವುದಾದರೆ ಯಾವ ದಿಕ್ಕಿಗೆ, ಎಷ್ಟು ಹಾಗೂ ಮೌಸ್ ಯಾವ ಪಟ್ಟಿಯ ಮೇಲಿರಬೇಕು ಎಂಬುದನ್ನು ಹೇಳಿ.

ಇನ್ನೊಂದು ಎಚ್ಚರಿಕೆ. ಮೌಸ್ ಆಡಿಸಲು ಪೈಆಟೋಜಿಯುಐ ಎಂಬ ಲೈಬ್ರರಿ (ಸಿದ್ಧ ಕೋಡ್‌ನ ಸಂಗ್ರಹ) ಬಳಸುತ್ತಿದ್ದರೆ, ಮೌಸನ್ನು ಪರದೆಯ ಮೂಲೆಗೆ ಒಯ್ದ ಕೂಡಲೇ ಕೆಲಸ ನಿಲ್ಲುವ ಸುರಕ್ಷತಾ ವ್ಯವಸ್ಥೆ ಅದರಲ್ಲಿದೆ. ಏಜೆಂಟ್ ದಾರಿ ತಪ್ಪಿದಾಗ ಮನುಷ್ಯರು ತಡೆಯಲೆಂದು ಇರುವ ಏರ್ಪಾಡು ಅದು. ಅದನ್ನು ತೆಗೆದುಹಾಕದೆ, ಏಜೆಂಟ್ ತಾನಾಗಿ (0, 0)ಗೆ ಹೋಗಬಾರದೆಂದು ವಿವರಣೆಯಲ್ಲಿ ಸೇರಿಸಿ.

ಪ್ರಶ್ನೆ: ಇಂಥ ವಿವರಣೆಯನ್ನು ಕನ್ನಡದಲ್ಲಿ ಬರೆಯಬಹುದೇ?
– ವಿದ್ಯಾರ್ಥಿನಿ, ಕುಶಾಲನಗರ

ಉತ್ತರ: ಬರೆಯಬಹುದು. ಟೂಲ್‌ನ ಹೆಸರು ಮತ್ತು ಅದಕ್ಕೆ ಕೊಡುವ ಮೌಲ್ಯಗಳ ಹೆಸರುಗಳನ್ನು ಮಾತ್ರ ಕೋಡ್‌ನಲ್ಲಿ ಇರುವಂತೆಯೇ ಇಡಬೇಕು. ಪರದೆಯ ಮೇಲೆ ಬಟನ್‌ನ ಹೆಸರು ಇಂಗ್ಲಿಷಿನಲ್ಲಿದ್ದರೆ ವಿವರಣೆಯಲ್ಲೂ ಅದೇ ಅಕ್ಷರಗಳಲ್ಲಿ ಬರೆಯಿರಿ. ‘ಉಳಿಸು’ ಎಂದು ಅನುವಾದಿಸಿದರೆ ಏಜೆಂಟ್ ಪರದೆಯಲ್ಲಿಲ್ಲದ ಬಟನ್ನನ್ನು ಹುಡುಕುತ್ತಾ ಕೂರಬಹುದು.