ಕೊಡಗಿನ ಮಳೆಯಲ್ಲಿ ಸ್ಟಾರ್ಟ್ ಆಗದ ಹಳೆಯ ಅಂಬಾಸಿಡರಿಗೆ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿಸಬಹುದೇ?

ಮಡಿಕೇರಿಯ ಬಳಿ ತಮ್ಮ ತಂದೆಯವರ ಕಾಲದ 1489 ಸಿಸಿ ಪೆಟ್ರೋಲ್ ಅಂಬಾಸಿಡರ್ ಇದೆ, ಜೂನ್ ಬಂತೆಂದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಡಿಸ್ಟ್ರಿಬ್ಯೂಟರ್ ಎಂದರೆ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ, ಪಾಯಿಂಟ್ ಎಂದರೆ ಅದರೊಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್ಚು. ಹಾಕಿಸಬಹುದು, ಅದೇ ಇಂಜಿನ್ನಿನ ನನ್ನ ಕಾರಿಗೂ ಹಾಕಿಸಿದ್ದೇನೆ. ಆದರೆ ನೀವು ಹೇಳುತ್ತಿರುವ ಕಾಯಿಲೆಗೆ ಅದೊಂದೇ ಮದ್ದಾಗಲಾರದು. ಮಳೆಗಾಲದ ತೇವ ಹೆಚ್ಚಾಗಿ ಕಾಡುವುದು ಡಿಸ್ಟ್ರಿಬ್ಯೂಟರಿನ ಮುಚ್ಚಳವಾದ ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಮತ್ತು ಪ್ಲಗ್ ವೈರುಗಳನ್ನು, ಮತ್ತು ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರಿನಲ್ಲಿಯೂ ಈ ಮೂರೂ ಇದ್ದೇ ಇರುತ್ತವೆ.

ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಮಳೆ ಹಿಡಿದ ರಾತ್ರಿ ಶೆಡ್ಡಿನ ದೀಪ ಆರಿಸಿ, ಬಾನೆಟ್ ಎತ್ತಿ, ಮನೆಯವರೊಬ್ಬರನ್ನು ಒಳಗೆ ಕೂರಿಸಿ ಸೆಲ್ಫ್ ಹೊಡೆಯಲು ಹೇಳಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ವೈರುಗಳ ಮೈಮೇಲೆ, ಕ್ಯಾಪಿನ ಸುತ್ತ ನೀಲಿ ಬೆಳಕು ಮಿಣುಕುತ್ತಾ ಹರಿದಾಡುವುದು ಕಂಡರೆ, ಪ್ಲಗ್ಗಿಗೆ ಮುಟ್ಟಬೇಕಾದ ಕರೆಂಟ್ ದಾರಿಯಲ್ಲೇ ಸೋರಿಹೋಗುತ್ತಿದೆ ಎಂದು ತಿಳಿಯಿರಿ. ಆ ಹೊತ್ತಿನಲ್ಲಿ ವೈರುಗಳನ್ನು ಮಾತ್ರ ಮುಟ್ಟಬೇಡಿ. ಹಗಲು ಕ್ಯಾಪನ್ನು ಕಳಚಿ ಒಳಭಾಗವನ್ನು ಬೆಳಕಿಗೆ ಹಿಡಿದಾಗ, ಲೋಹದ ಮೊನೆಗಳ ನಡುವೆ ಪೆನ್ಸಿಲಿನಿಂದ ಗೀಚಿದಂತಹ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಕಾಣಿಸಿದರೆ ಆ ಕ್ಯಾಪ್ ಕೆಟ್ಟಿತೆಂದೇ ಲೆಕ್ಕ. ಎಷ್ಟು ಒರೆಸಿದರೂ ಕಿಡಿ ಮತ್ತೆ ಅದೇ ಗೆರೆ ಹಿಡಿದು ಓಡುತ್ತದೆ. ನನ್ನ ಕಾರಿನಲ್ಲಿ ಕ್ಯಾಪ್, ರೋಟರ್ ಮತ್ತು ಐದು ವೈರುಗಳನ್ನು ಬದಲಿಸಿದ ಮರುದಿನದಿಂದಲೇ, ಅದೂ ಕಕ್ಕಡದ ಮಳೆಯಲ್ಲಿ, ಬೆಳಗಿನ ಗೋಳು ಮುಕ್ಕಾಲು ಪಾಲು ತಪ್ಪಿತು.

ಹಾಗಿದ್ದರೆ ಎಲೆಕ್ಟ್ರಾನಿಕ್ ಏಕೆ ಬೇಕು ಎಂದರೆ, ಪಾಯಿಂಟಿನ ಸವೆತಕ್ಕಾಗಿ. ನಾಲ್ಕು ಸಿಲಿಂಡರಿನ ಈ ಇಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 100 ಕಿಡಿಗಳು ಬೇಕು, ಅಂದರೆ ಪಾಯಿಂಟ್ ಸೆಕೆಂಡಿಗೆ 100 ಬಾರಿ ತೆರೆದು ಮುಚ್ಚಬೇಕು. ಕ್ಯಾಮಿಗೆ ಉಜ್ಜಿಕೊಂಡೇ ಇರುವ ಅದರ ಹಿಮ್ಮಡಿ ಸವೆದಂತೆ, 0.35ರಿಂದ 0.40 ಮಿಮೀ ಇರಬೇಕಾದ ಗ್ಯಾಪ್ ಕಿರಿದಾಗಿ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದೆ ಬೀಳುತ್ತದೆ, ಗಾಡಿ ಏರಿನಲ್ಲಿ ಸೋಲತೊಡಗುತ್ತದೆ. ಮ್ಯಾಗ್ನೆಟ್ ಮತ್ತು ಸೆನ್ಸರಿನ ವ್ಯವಸ್ಥೆಯಲ್ಲಿ ಉಜ್ಜುವ ಭಾಗವೇ ಇಲ್ಲದಿರುವುದರಿಂದ, ಒಮ್ಮೆ ಕೂರಿಸಿದ ಟೈಮಿಂಗ್ ಬಹುಕಾಲ ಹಾಗೆಯೇ ಉಳಿಯುತ್ತದೆ.

ಇದಕ್ಕೆ ಎರಡು ದಾರಿಗಳಿವೆ: ಹಳೆಯ ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟ್ ಮತ್ತು ಅದರ ಜೊತೆಗಿನ ಕಂಡೆನ್ಸರಿನ ಬದಲು ಸೆನ್ಸರ್ ಇರುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸುವುದು, ಇಲ್ಲವೇ ಡಿಸ್ಟ್ರಿಬ್ಯೂಟರನ್ನೇ ಇಡಿಯಾಗಿ ಬದಲಿಸುವುದು. ನಾನು ಮೊದಲು ಹಿಡಿದದ್ದು ಎರಡನೆಯ ದಾರಿ. ಮಾರಿದವರು ಯಾವ ಅಂಬಾಸಿಡರಿಗಾದರೂ ಕೂರುತ್ತದೆ ಎಂದಿದ್ದರು, ಕೂತದ್ದೇನೋ ನಿಜ. ಆದರೆ ವೇಗ ಏರಿದಂತೆ ಕಿಡಿಯನ್ನು ಮುಂಚಿತವಾಗಿ ಹಾರಿಸುವ, ಅಂದರೆ ಅಡ್ವಾನ್ಸ್ ಕೊಡುವ, ಅದರೊಳಗಿನ ತೂಕ ಮತ್ತು ಸ್ಪ್ರಿಂಗುಗಳು ಬೇರೆ ಇಂಜಿನ್ನಿಗೆ ಲೆಕ್ಕ ಹಾಕಿದವಾಗಿದ್ದು, ವೇಗ ಏರುವ ಮೊದಲೇ ಅಡ್ವಾನ್ಸ್ ಪೂರ್ತಿ ತೆರೆದುಕೊಳ್ಳುತ್ತಿತ್ತು. ಕೊನೆಗೆ ಹಳೆಯದನ್ನೇ ಲೇತ್ ಕೆಲಸದವರ ಬಳಿ ಒಯ್ದು, ಶಾಫ್ಟ್ ಅಲುಗದಂತೆ ಹೊಸ ಬುಷ್ ಹಾಕಿಸಿ, ಅದರೊಳಗೆ ಮಾಡ್ಯೂಲ್ ಕೂರಿಸಿಕೊಂಡೆ. ರೋಟರ್ ಇರುವ ಶಾಫ್ಟನ್ನು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಿಸಿ. ಆಟವಿಲ್ಲದಿದ್ದರೆ ನಿಮಗೆ ಮಾಡ್ಯೂಲೇ ಸಾಕು ಎಂಬುದು ನನ್ನ ಅಭಿಪ್ರಾಯ.

ಕೊಳ್ಳುವ ಮೊದಲು ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಸೇರಿದೆ ಎಂದು ಕಣ್ಣಾರೆ ನೋಡಿಕೊಳ್ಳಿ. ಈ ಇಂಜಿನ್ನಿನ ಮೂಲ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ತ್ ಇತ್ತು, ಹಳೆಯ ಗಾಡಿಗಳಲ್ಲಿ ನಡುವೆ ಯಾರು ಏನು ಬದಲಿಸಿದ್ದಾರೋ ಹೇಳಲಾಗದು. ಉಲ್ಟಾ ಕೊಟ್ಟರೆ ಮಾಡ್ಯೂಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲಿನ ಎರಡು ಸಣ್ಣ ಟರ್ಮಿನಲ್ಲುಗಳ ನಡುವಿನ ರೆಸಿಸ್ಟೆನ್ಸನ್ನು ಮೀಟರಿನಲ್ಲಿ ಅಳೆಯಿರಿ. ಸಾಮಾನ್ಯ 12 ವೋಲ್ಟ್ ಕಾಯಿಲಿನಲ್ಲಿ ಅದು ಸುಮಾರು 3 ಓಮ್ ಇರುತ್ತದೆ. ಮಾಡ್ಯೂಲ್ ಜೊತೆಗಿನ ಚೀಟಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಬಂದರೆ ಆ ಕಾಯಿಲ್ ಬೇಡ. ತಾಮ್ರದ ಎಳೆಯ ಹಳೆಯ ಪ್ಲಗ್ ವೈರುಗಳು ಕೆಲವು ಮಾಡ್ಯೂಲುಗಳನ್ನು ಗೊಂದಲಗೊಳಿಸುವುದರಿಂದ, ಹೇಗೂ ಬದಲಿಸುವಾಗ ಕಾರ್ಬನ್ ಎಳೆಯವನ್ನೇ ತನ್ನಿ. ಇಂಜಿನ್ ಓಡದಿರುವಾಗ ಇಗ್ನಿಷನ್ ಆನ್ ಮಾಡಿಟ್ಟು ಹಾಡು ಕೇಳುವ ಅಭ್ಯಾಸವಿದ್ದರೆ, ಕಾಯಿಲ್ ಮತ್ತು ಮಾಡ್ಯೂಲ್ ಕಾದು ಕೆಡಬಹುದಾದ್ದರಿಂದ, ಬಿಡಬೇಕಾಗುತ್ತದೆ.

ಬಿಚ್ಚುವ ಕೆಲಸ ದೊಡ್ಡದಲ್ಲ. ಒಂದನೇ ಸಿಲಿಂಡರನ್ನು ಕಂಪ್ರೆಷನ್ನಿನ ತುದಿಗೆ ತಂದು, ರೋಟರ್ ನೋಡುತ್ತಿರುವ ದಿಕ್ಕನ್ನೂ ಡಿಸ್ಟ್ರಿಬ್ಯೂಟರಿನ ಮೈ ಬ್ಲಾಕಿಗೆ ಕೂಡುವ ಜಾಗವನ್ನೂ ಗುರುತು ಹಾಕಿ ಫೋಟೋ ತೆಗೆದುಕೊಳ್ಳಿ. ಕೆಳಗಿನ ಕಚ್ಚು ನಡುವಿನಿಂದ ಸ್ವಲ್ಪ ಓರೆಯಾಗಿರುವುದರಿಂದ ಅದು ಒಂದೇ ರೀತಿಯಲ್ಲಿ ಕೂರುತ್ತದೆ. ಕೂರದಿದ್ದರೆ ಬಲ ಹಾಕದೆ ರೋಟರನ್ನು ಅರ್ಧ ಸುತ್ತು ತಿರುಗಿಸಿ ನೋಡಿ. ರೋಟರ್ ತಿರುಗುವುದು ಗಡಿಯಾರದ ಮುಳ್ಳಿಗೆ ಎದುರಾಗಿ, ವೈರುಗಳ ಕ್ರಮ 1-3-4-2.

ಟೈಮಿಂಗ್ ವಿಷಯದಲ್ಲಿ ನಮ್ಮೂರಿನವರು ಒಂದು ತಪ್ಪು ಮಾಡುತ್ತೇವೆ. ಮಡಿಕೇರಿ ಸುಮಾರು 1170 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಎಂಟನೆಯ ಒಂದು ಪಾಲಿನಷ್ಟು ಕಡಿಮೆ, ಸಿಲಿಂಡರ್ ಅಷ್ಟಾಗಿ ತುಂಬುವುದಿಲ್ಲ, ಆದ್ದರಿಂದ ಟೈಮಿಂಗ್ ಸ್ವಲ್ಪ ಹೆಚ್ಚು ಮುಂದಿದ್ದರೂ ನಾಕಿಂಗ್ (ಇಂಜಿನ್ನಿನೊಳಗಿನ ಬಡಿತ) ಕೇಳಿಸುವುದಿಲ್ಲ. ಇಲ್ಲೇ ಕಿವಿಯಳತೆಯಲ್ಲಿ ಕೂರಿಸಿದ ಅದೇ ಕಾರು ಸುಳ್ಯಕ್ಕೆ ಇಳಿದು ಮರಳಿ ಸಂಪಾಜೆ ಘಾಟಿ ಹತ್ತುವಾಗ, ಡಬ್ಬಿಯಲ್ಲಿ ಗೋಲಿ ಅಲುಗಿಸಿದಂತೆ ಶಬ್ದ ಮಾಡುತ್ತದೆ. ವ್ಯಾಕ್ಯೂಮ್ ಪೈಪನ್ನು ಕಳಚಿ, ಅದರ ಬಾಯಿ ಮುಚ್ಚಿ, ಟೈಮಿಂಗ್ ಲೈಟಿನಿಂದ ಕೈಪಿಡಿಯ ಅಳತೆಗೇ ಕೂರಿಸಿ. ಆಮೇಲೆ ಘಾಟಿಯ ಬುಡದಿಂದ ಮೂರನೇ ಗೇರಿನಲ್ಲಿ ಹತ್ತಿಸಿ. ಗೋಲಿ ಶಬ್ದ ಬಂದರೆ ಒಂದೆರಡು ಡಿಗ್ರಿ ಹಿಂದಕ್ಕೆ ತನ್ನಿ.

ತೆಗೆದ ಪಾಯಿಂಟನ್ನು ಎಸೆಯಬೇಡಿ. ಪಾಯಿಂಟ್ ಕೆಡುವ ಮುನ್ನ ದಿನಗಟ್ಟಲೆ ಮಿಸ್ಸಿಂಗ್ ಹೊಡೆದು ಸೂಚನೆ ಕೊಡುತ್ತದೆ, ಮಾಡ್ಯೂಲ್ ಹಾಗಲ್ಲ. ನನ್ನದು ಭಾಗಮಂಡಲದಿಂದ ಬರುವಾಗ ಜಡಿಮಳೆಯಲ್ಲಿ ಒಮ್ಮೆಗೇ ನಿಂತಿತು. ಗ್ಯಾಪ್ ಕೂರಿಸಿದ ಪಾಯಿಂಟ್, ಕಂಡೆನ್ಸರ್ ಸಮೇತ ಹಳೆಯ ಬೇಸ್ ಪ್ಲೇಟು ಡಿಕ್ಕಿಯ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಮ್ಯಾಗ್ನೆಟ್ಟಿನ ಉಂಗುರವನ್ನು ಎತ್ತಿ, ಪ್ಲೇಟು ಬದಲಿಸಿ, ವೈರು ಸಿಕ್ಕಿಸಿ ಕೊಡೆಯ ಕೆಳಗೇ ಅರ್ಧ ಗಂಟೆಯಲ್ಲಿ ಹೊರಟೆ. ಅದರಲ್ಲಿ ಹತ್ತು ನಿಮಿಷ ಹೋದದ್ದು ಕೈಜಾರಿ ಬಿದ್ದ ಒಂದು ಸ್ಕ್ರೂ ಹುಡುಕಲು. ಡಬ್ಬಿಯಲ್ಲಿ ಅದೇ ಅಳತೆಯ ನಾಲ್ಕು ಸ್ಕ್ರೂಗಳನ್ನೂ ಹಾಕಿಟ್ಟುಕೊಳ್ಳಿ.