ಟಾಪ್ ಗೇರ್ ಲೇಖನ ಕಳಿಸಿದವರಿಗೆ: ಪೆಟ್ಟಾದವರು ಎಲ್ಲಿ ಹೋದ್ರು?

ನಮಸ್ಕಾರ,

ನಿಮ್ಮ "ಟಾಪ್ ಗೇರ್ ಇನ್ನು ಬರ್ತದಾ?" ಲೇಖನ ಪೂರ್ತಿ ಓದಿದೆ. ಈಗ ಇದ್ದ ಹಾಗೆ ಹಾಕ್ಲಿಕ್ಕೆ ಆಗುದಿಲ್ಲ, ಅದನ್ನು ಮೊದ್ಲೇ ಹೇಳಿಬಿಡ್ತೇನೆ. ಆದ್ರೆ ಬಿಟ್ಟುಬಿಡುವ ಲೇಖನವೂ ಅಲ್ಲ, ಹಾಗಾಗಿ ಉದ್ದಕ್ಕೆ ಬರೀತಿದ್ದೇನೆ. ಬದಿಯಡ್ಕದಲ್ಲಿ ಕೂತು ಬಿಬಿಸಿಯ ಕಾರ್ ಶೋ ಬಗ್ಗೆ ಕನ್ನಡದಲ್ಲಿ ಬರೀಲಿಕ್ಕೆ ಹೊರಟದ್ದೇ ನನಗೆ ಖುಷಿ. ನಮ್ಮ ಪುರವಣಿಗೆ ಬರುದರಲ್ಲಿ ಮುಕ್ಕಾಲುಪಾಲು ಯಕ್ಷಗಾನ, ಕೋಲ, ಮತ್ತೆ ಗಡಿನಾಡ ಕನ್ನಡದ ಸಮಸ್ಯೆ. ಅದೆಲ್ಲ ಬೇಕು, ಬೇಡ ಅಂತಲ್ಲ, ಆದ್ರೆ ಇಲ್ಲಿನ ಹುಡುಗರು ಬೆಳಿಗ್ಗೆಯಿಂದ ರಾತ್ರಿವರೆಗೆ ಮಾತಾಡುದು ಗಾಡಿ ವಿಷಯ, ಬರೀಲಿಕ್ಕೆ ಕೂತಾಗ ಮಾತ್ರ ಅದು ಇಂಗ್ಲಿಷಿಗೋ ಮಲಯಾಳಕ್ಕೋ ಹೋಗ್ತದೆ.

ಸಣ್ಣಪುಟ್ಟದ್ದು ಮೊದ್ಲು ಮುಗಿಸುವ. ಶೋ ಶುರುವಾದ್ದು 2002ರಲ್ಲಿ ಅಂತ ಬರ್ದಿದ್ದೀರಿ, ಅಲ್ಲ. 1977ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ, ಬರೀ ಆ ಭಾಗದವರಿಗೆ ಅಂತ ಶುರುವಾದ ಅರ್ಧ ಗಂಟೆಯ ಕಾರ್ಯಕ್ರಮ ಅದು, ಮರುವರ್ಷ ಇಡೀ ದೇಶಕ್ಕೆ ಬಂತು, 2001ರಲ್ಲಿ ನಿಂತೇ ಹೋಯ್ತು. ಅಲ್ಲಿದ್ದ ಕೆಲವರು ಬೇರೆ ಚಾನೆಲಿಗೆ ಹೋಗಿ ಫಿಫ್ತ್ ಗೇರ್ ಅಂತ ಮಾಡಿದ್ರು. ಆಮೇಲೆ 2002ರಲ್ಲಿ ಹೋಸ್ಟ್ ಜೆರೆಮಿ ಕ್ಲಾರ್ಕ್‌ಸನ್ ಮತ್ತು ಪ್ರೊಡ್ಯೂಸರ್ ಆಂಡಿ ವಿಲ್ಮನ್ ಸೇರಿ ಇಂಗ್ಲೆಂಡಿನ ಡನ್ಸ್‌ಫೋಲ್ಡ್ ಏರ್‌ಫೀಲ್ಡಲ್ಲಿ ಹೊಸದಾಗಿ ಕಟ್ಟಿದ್ದು, ನೀವು ನೋಡಿದ ಶೋ. ನಿಂತದ್ದು ಪುನಃ ಬರ್ತದಾ ಅಂತ ಕೇಳುವ ಲೇಖನದಲ್ಲಿ ಒಮ್ಮೆ ನಿಂತು ಬಂದ ಕಥೆಯೇ ಇಲ್ಲದಿದ್ರೆ ಹೇಗೆ ಮಾರಾಯ್ರೇ?

ಮತ್ತೆ "ಬಿಬಿಸಿ ರದ್ದು ಮಾಡಿತು" ಅಂತ ಬರ್ದದ್ದು. ರದ್ದು ಅಂತ ಅವರು ಹೇಳ್ಲಿಲ್ಲ. 2023ರ ನವೆಂಬರಲ್ಲಿ ಹೇಳಿದ್ದು ಇಷ್ಟೇ, ಬ್ರಿಟನ್ನಿನ ಶೋಗೆ ಸದ್ಯದ ಮಟ್ಟಿಗೆ ವಿಶ್ರಾಂತಿ, ಆದ್ರೆ ಮ್ಯಾಗಜಿನ್, ಡಿಜಿಟಲ್, ಬೇರೆ ದೇಶಗಳ ಆವೃತ್ತಿ ಎಲ್ಲ ಮುಂದುವರಿತದೆ ಅಂತ. ಶೋ ಇಲ್ಲ, ಹೆಸರು ಮಾತ್ರ ಮಾರ್ಕೆಟಲ್ಲಿ ಉಂಟು. ಈ ವಿಚಿತ್ರ ಸ್ಥಿತಿಯನ್ನು ನೀವು ಒಂದು ಸಾಲಲ್ಲಾದ್ರೂ ಹೇಳ್ಬೇಕಿತ್ತು. ಶೂಟಿಂಗಲ್ಲಿ ಕಾರು ಮಗುಚಿ ಪೆಟ್ಟಾದ ಹೋಸ್ಟ್, ಹಳೇ ಕ್ರಿಕೆಟಿಗ ಫ್ಲಿಂಟಾಫ್‌ಗೆ ಕೊಟ್ಟ ಪರಿಹಾರ 90 ಲಕ್ಷ ಪೌಂಡ್ ಅಂತ ಬಿಬಿಸಿ ಬಾಯಲ್ಲಿ ಹೇಳಿಸಿದ್ದೀರಿ, ಅದು ಪತ್ರಿಕೆಯವರು ಬರ್ದ ಲೆಕ್ಕ, ಒಪ್ಪಂದ ಆಗಿದೆ ಅಂತ ಮಾತ್ರ ಬಿಬಿಸಿಯ ಕಂಪೆನಿ ಹೇಳಿದ್ದು. ಭಾರತಕ್ಕೆ ಬಂದು ಮಾಡಿದ 2011ರ ಎಪಿಸೋಡಿನ ಗಲಾಟೆಗೆ ಒಂದಿಡೀ ಪುಟ ಬೇಡ, ತೆಗೀರಿ.

ಇನ್ನು ದೊಡ್ಡ ವಿಷಯ, ನನಗೆ ನಿಜಕ್ಕೂ ಬೇಜಾರಾದದ್ದು ಇಲ್ಲಿ. ನಿಮ್ಮ ಲೇಖನದಲ್ಲಿ ಶೋ ನಿಂತದ್ದರಿಂದ ಅಭಿಮಾನಿಗಳಿಗೆ ಆದ ನಷ್ಟ ಉಂಟು, ಬಿಬಿಸಿಗೆ ಆದ ನಷ್ಟ ಉಂಟು, ಕ್ಲಾರ್ಕ್‌ಸನ್‌ಗೆ ಅನ್ಯಾಯ ಆಯ್ತು ಅಂತಲೂ ಉಂಟು. ಪೆಟ್ಟು ತಿಂದವರು ಮಾತ್ರ ಎಲ್ಲೂ ಕಾಣುದಿಲ್ಲ. 2015ರದ್ದನ್ನು ನೀವು "ಊಟದ ವಿಷಯಕ್ಕೆ ಸಣ್ಣ ಜಗಳ" ಅಂತ ಒಂದೇ ಏಟಿಗೆ ದಾಟಿಸಿದ್ದೀರಿ. ನಡೆದದ್ದು ಎಂತದು? ಶೂಟಿಂಗ್ ಮುಗಿಸಿ ಯಾರ್ಕ್‌ಶೈರಿನ ಹೋಟೆಲಿಗೆ ಬಂದಾಗ ಬಿಸಿ ಊಟ ಸಿಗ್ಲಿಲ್ಲ ಅಂತ ಕ್ಲಾರ್ಕ್‌ಸನ್ ಪ್ರೊಡ್ಯೂಸರ್ ಓಶೀನ್ ಟೈಮನ್ ಮೇಲೆ ಕೈ ಮಾಡಿದ್ದು, ತುಟಿ ಒಡೆದು ರಕ್ತ ಬಂದು ಟೈಮನ್ ಆಸ್ಪತ್ರೆಗೆ ಹೋಗಿದ್ದಾರೆ, ಬಿಬಿಸಿಯ ತನಿಖಾ ವರದಿಯಲ್ಲೇ ಉಂಟು. ಬಿಬಿಸಿ ಅಮಾನತು ಮಾಡಿದ ಕ್ಲಾರ್ಕ್‌ಸನ್ ವಾಪಸ್ ಬರ್ಬೇಕು ಅಂತ ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಸಹಿ ಹಾಕಿದ್ರು, ಅದನ್ನು ನೀವು ಹೆಮ್ಮೆಯಲ್ಲಿ ಬರ್ದಿದ್ದೀರಿ. ಅದೇ ದಿನಗಳಲ್ಲಿ ಪೆಟ್ಟು ತಿಂದ ಆ ಟೈಮನ್ನಿಗೆ ಆನ್‌ಲೈನಲ್ಲಿ ಬಾಯಿಗೆ ಬಂದ ಹಾಗೆ ಬೈದ್ರು, ಅದನ್ನು ಬರೀಲಿಲ್ಲ. ಇವತ್ತಿಗೂ ಈ ಎರಡನ್ನು ಅಕ್ಕಪಕ್ಕ ಇಟ್ಟು ಓದಿದ್ರೆ ಹೊಟ್ಟೆ ಉರೀತದೆ.

ಫ್ಲಿಂಟಾಫ್ ವಿಷಯವೂ ಹಾಗೇ. ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಕ್ಲಾರ್ಕ್‌ಸನ್ ಯಾರು ಅಂತ ಗೊತ್ತಿಲ್ಲ, ಆದ್ರೆ ವಾಂಖೆಡೆಯಲ್ಲಿ ಶರ್ಟ್ ಬಿಚ್ಚಿ ಓಡಿದ ಫ್ಲಿಂಟಾಫ್ ಗೊತ್ತು, ಅದಕ್ಕೆ ಲಾರ್ಡ್ಸ್ ಬಾಲ್ಕನಿಯಲ್ಲಿ ಗಂಗೂಲಿ ಉತ್ತರ ಕೊಟ್ಟದ್ದೂ ಗೊತ್ತು, ಕುಂಬಳೆಯಲ್ಲಿ ಯಾವ ಅಂಗಡಿ ಜಗಲಿಯಲ್ಲಿ ಕೇಳಿದ್ರೂ ಹೇಳ್ತಾರೆ. ಅಲ್ಲಿಂದ ಒಳಗೆ ಕರ್ಕೊಂಡು ಬನ್ನಿ ಅವರನ್ನು. 2022ರ ಡಿಸೆಂಬರಲ್ಲಿ ಡನ್ಸ್‌ಫೋಲ್ಡಲ್ಲಿ ಮೇಲೆ ಮಾಡು ಇಲ್ಲದ ಮೂರು ಚಕ್ರದ ಮಾರ್ಗನ್ ಕಾರು ಮಗುಚಿ, ಮುಖ ಕೆಳಗಾಗಿ ಅವರನ್ನು ರನ್‌ವೇ ಮೇಲೆ ಎಳ್ಕೊಂಡು ಹೋಯ್ತು. ತಲೆಗೆ ಹೆಲ್ಮೆಟ್ ಇರ್ಲಿಲ್ಲ. ಮುಖವೇ ಕಿತ್ತು ಬಂತು ಅಂತ ಅನ್ಸಿತ್ತು ಅಂತ ಅವರೇ 2025ರ ಡಾಕ್ಯುಮೆಂಟರಿಯಲ್ಲಿ ಹೇಳಿದ್ದಾರೆ. ನೀವು ಇದಕ್ಕೆ ಕೊಟ್ಟದ್ದು "ದುರದೃಷ್ಟಕರ ಅಪಘಾತ" ಅಂತ ಎರಡು ಪದ.

ದುರದೃಷ್ಟ ಅಂದುಬಿಟ್ರೆ ಅಲ್ಲಿಗೆ ಪ್ರಶ್ನೆಯೇ ಮುಗೀತದೆ, ಅದಕ್ಕೇ ನಾನು ಒಪ್ಪುದಿಲ್ಲ. ಹಿಂದಕ್ಕೆ ಹೋಗಿ ನೋಡಿ. 2006ರಲ್ಲಿ ಎಲ್ವಿಂಗ್ಟನ್ ಏರ್‌ಫೀಲ್ಡಲ್ಲಿ ಶೋದ ಹೋಸ್ಟ್ ರಿಚರ್ಡ್ ಹ್ಯಾಮಂಡ್ ಜೆಟ್ ಎಂಜಿನಿನ ಕಾರು ಓಡಿಸ್ತಾ ಗಂಟೆಗೆ 288 ಮೈಲಿ, ಅಂದ್ರೆ 460 ಕಿಲೋಮೀಟರ್ ದಾಟಿದ ಸ್ಪೀಡಲ್ಲಿ ಮುಂದಿನ ಟಯರ್ ಒಡೆದು ತಲೆಗೆ ಪೆಟ್ಟಾಗಿ ಸಾವಿನ ಬಾಗಿಲಿಗೆ ಹೋಗಿ ಬಂದ್ರು. 2019ರಲ್ಲಿ ಅದೇ ಎಲ್ವಿಂಗ್ಟನಲ್ಲಿ ಫ್ಲಿಂಟಾಫ್ ಮೂರು ಚಕ್ರದ ಗಾಡಿಯಲ್ಲಿ ಟ್ರ್ಯಾಕ್ ಬಿಟ್ಟು ಹೊರಗೆ ಹೋದ್ರು, ಆಗ ಏನೂ ಆಗ್ಲಿಲ್ಲ, ಮರುದಿನವೇ ಕೆಲಸಕ್ಕೆ ಬಂದು ಇದು ಟೀವಿಯಲ್ಲಿ ಅಪಾಯ ಅಂತ ಕಾಣ್ಲಿಕ್ಕಿಲ್ಲ, ತಮಾಷೆ ಅಂತ ಕಾಣ್ತದೆ ಅನ್ನುವ ಅರ್ಥದಲ್ಲಿ ಮಾತಾಡಿದ್ರು. ಮತ್ತೆ 2024ರಲ್ಲಿ ಕ್ರಿಸ್ ಹ್ಯಾರಿಸ್, ಅವರ ಜೊತೆಯಲ್ಲೇ ಶೋ ಮಾಡಿದವರು, ಯಾರಿಗಾದ್ರೂ ಜೀವಕ್ಕೆ ಬರುವ ಹಾಗೆ ಆಗ್ತದೆ ಅಂತ ತಾನು ಮೊದ್ಲೇ ಮೇಲಿನವರಿಗೆ ಹೇಳಿದ್ದೆ ಅಂತ ಒಂದು ಪಾಡ್‌ಕಾಸ್ಟಲ್ಲಿ ಹೇಳಿದ್ರು. ಇಷ್ಟೂ ನಿಮ್ಮ ಕೈಗೆ ಸಿಗುವ ಹಾಗೆ ಇದ್ದದ್ದೇ, ನೀವು ಮಾತ್ರ ಮುಂದಿನ ಹೋಸ್ಟ್ ಯಾರು ಅಂತ ಹುಡುಕಿಕೊಂಡು ಹೋಗಿದ್ದೀರಿ. ಶೋದ ಭವಿಷ್ಯ ಸಿಕ್ಕಿಹಾಕಿಕೊಂಡದ್ದು ಹೋಸ್ಟ್ ಹೆಸರಲ್ಲಿ ಅಲ್ಲ, ಪ್ರತಿ ವರ್ಷ ಕಳೆದ ಸಲಕ್ಕಿಂತ ಒಂದು ಕೈ ಮೇಲೆ ಏನಾದ್ರೂ ತೋರಿಸ್ಬೇಕು ಅನ್ನುವ ಹಠದಲ್ಲಿ. ಆ ಹಠ ಬಿಟ್ರೆ ಜನ ನೋಡ್ತಾರಾ, ಇಲ್ವಾ? ಅದು ನಿಮ್ಮ ಲೇಖನದ ಪ್ರಶ್ನೆ ಆಗ್ಬೇಕು.

"ಆ ಮೂವರಿಲ್ಲದೆ ಟಾಪ್ ಗೇರ್ ಇಲ್ಲ" ಅನ್ನುವ ತೀರ್ಪನ್ನೂ, ಅಂದ್ರೆ ಕ್ಲಾರ್ಕ್‌ಸನ್, ಹ್ಯಾಮಂಡ್, ಜೇಮ್ಸ್ ಮೇ ಇಲ್ಲದೆ ಅನ್ನುದನ್ನೂ, ಇನ್ನೊಮ್ಮೆ ನೋಡಿ. ಫ್ಲಿಂಟಾಫ್, ಹ್ಯಾರಿಸ್, ಪ್ಯಾಡಿ ಮೆಕ್‌ಗಿನ್ನೆಸ್ ಇದ್ದಾಗಲೇ 2020ರಲ್ಲಿ ಶೋ ಬಿಬಿಸಿ ಟೂನಿಂದ ಬಿಬಿಸಿ ವನ್‌ಗೆ ಹೋದದ್ದು. ಆ ಹಳೇ ಮೂವರೋ, ಅಮೆಜಾನಲ್ಲಿ ಗ್ರ್ಯಾಂಡ್ ಟೂರ್ ಅಂತ ಬೇರೆ ಕಾರ್ ಶೋ ಮಾಡಿ 2024ರಲ್ಲಿ ಜಿಂಬಾಬ್ವೆಯಲ್ಲಿ ತಾವಾಗಿಯೇ ಮುಗಿಸಿದ್ರು.

ಈಗ ನಿಮ್ಮಲ್ಲಿ ನನಗೆ ತುಂಬ ಹಿಡಿಸಿದ್ದು. ಏಳನೇ ಪುಟದ ಕೊನೆಗೆ, ದುಬೈಯಿಂದ ಅಣ್ಣ ಹಾರ್ಡ್ ಡಿಸ್ಕಲ್ಲಿ ತಂದ ಎಪಿಸೋಡುಗಳನ್ನು ಮಾವನ ಜೊತೆ ನೋಡಿದ್ದು ಬರ್ದಿದ್ದೀರಿ. ಬದಿಯಡ್ಕ–ಪೆರ್ಲ ರೂಟಲ್ಲಿ ಜೀಪ್ ಓಡಿಸಿದ ಮನುಷ್ಯ, ಇಂಗ್ಲಿಷ್ ಒಂದಕ್ಷರ ಬಾರದು, ತಿರುವಲ್ಲಿ ಕಾರು ಹಿಂದಿನಿಂದ ಜಾರುವಾಗ ಅವರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು, ಮತ್ತೆ ಜನ ನಗುವ ಜಾಗದಲ್ಲಿ ಅವರು ಕೇಳ್ತಿದ್ದದ್ದು, "ಕ್ಯಾಮರಾ ಹಿಡ್ದವ ಎಲ್ಲಿ ಕೂತಿದ್ದಾನೆ ಮಾರಾಯ, ಅವನಿಗೆ ಬೆಲ್ಟ್ ಉಂಟಾ?" ಇದನ್ನು ಓದಿ ನಾನು ಅಲ್ಲೇ ನಿಂತೆ. ಇಡೀ ಲೇಖನದಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅವರೊಬ್ಬರೇ. ಗಾಡಿಯಲ್ಲಿ ಹತ್ತು ಜನ ಕೂರಿಸಿಕೊಂಡು ಘಟ್ಟದ ತಿರುವಲ್ಲಿ ದಿನಾ ಇಳಿದವರಿಗೆ ಮಾತ್ರ ಹಾಗೆ ಕೇಳ್ಲಿಕ್ಕೆ ತೋಚುದು, ಅದು ನೀವು ಹೇಳಿಕೊಟ್ಟ ಮಾತಲ್ಲ ಅಂತ ಓದುವಾಗಲೇ ಗೊತ್ತಾಗ್ತದೆ. ಅದನ್ನು ಮೊದಲ ಪುಟಕ್ಕೆ ತನ್ನಿ. ಅದಕ್ಕೆ ವಿವರಣೆ ಕೊಡ್ಲಿಕ್ಕೆ ಹೋಗ್ಬೇಡಿ, ನೇರ ಎಲ್ವಿಂಗ್ಟನ್‌ಗೆ ಹೋಗಿ, ಅಲ್ಲಿಂದ ಹೋಟೆಲಿನ ರಾತ್ರಿ, ಆಮೇಲೆ ಡನ್ಸ್‌ಫೋಲ್ಡ್. ಹೋಸ್ಟ್‌ಗಳ ಪಟ್ಟಿ ಬೇಡ, ಲ್ಯಾಪ್ ಟೈಮಿನ ಟೇಬಲ್ ಬೇಡ, "ಒಂದು ಯುಗ ಮುಗಿಯಿತು" ಅನ್ನುವ ಮೊದಲ ಪ್ಯಾರಾ ಅಂತೂ ಖಂಡಿತ ಬೇಡ.

ನನ್ನ ಅಭಿಪ್ರಾಯ ಕೇಳಿದ್ರೆ, ಬರ್ಲಿ ಆ ಶೋ, ಆದ್ರೆ 1977ರಲ್ಲಿ ಶುರು ಮಾಡಿದ ಹಾಗೆ ಯಾವ ಕಾರು ತಗೊಳ್ಬೇಕು, ರಸ್ತೆ ಹೇಗುಂಟು, ಕಾರಲ್ಲಿ ಕೂತವ ಮನೆಗೆ ಮುಟ್ಟುದು ಹೇಗೆ ಅಂತ ಮಾತಾಡುವ ಶೋ ಆಗಿ ಬರ್ಲಿ. ನಿಮಗೆ ಇದು ಸಪ್ಪೆ ಅಂತ ಕಾಣ್ಬಹುದು. ಹಾಗೆ ಕಂಡ್ರೆ ಹಾಗೇ ಬರೀರಿ, ನನ್ನನ್ನು ಒಪ್ಪುದು ಬೇಡ, ಆದ್ರೆ ಟೈಮನ್, ಹ್ಯಾಮಂಡ್, ಫ್ಲಿಂಟಾಫ್ ಮೂವರನ್ನೂ ಎದುರಿಗೆ ಇಟ್ಟುಕೊಂಡು ಬರೀರಿ.

ಎಂಟುನೂರು ಪದದ ಒಳಗೆ ಮುಗಿಸಿ, ಮುಂದಿನ ತಿಂಗಳ ಸಂಚಿಕೆಯಲ್ಲಿ ಜಾಗ ಇಡ್ತೇನೆ. ಯೂನಿಕೋಡಲ್ಲೇ ಟೈಪ್ ಮಾಡಿ, ಕಳೆದ ಸಲದ ಫೈಲಲ್ಲಿ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗಿತ್ತು. ನೆಟ್ಟಿಂದ ಇಳಿಸಿದ ಫೋಟೋ ಹಾಕ್ಲಿಕ್ಕೆ ಆಗುದಿಲ್ಲ. ಮಾವನ ಜೀಪಿನದ್ದು ಇದ್ರೆ ಅವರ ಹತ್ರ ಕೇಳಿ ಕಳಿಸಿ.